ಡೇಟಾ ಡಿಸ್ಕ್ ಹೋಯಿತು, ಲಾಗ್ ಉಳಿಯಿತು

ಬ್ಯಾಕಪ್ ಇದೆ ಅಂದ ಕೂಡಲೇ ಎಲ್ಲರಿಗೂ ಸಮಾಧಾನ. ಆದರೆ ಬ್ಯಾಕಪ್ಪಿನಲ್ಲಿ ಇರುವುದು ಅದನ್ನು ತೆಗೆದ ಹೊತ್ತಿನವರೆಗಿನ ಲೆಕ್ಕ ಮಾತ್ರ. ನಮ್ಮ ಬ್ಯಾಕಪ್ ಭಾನುವಾರ ರಾತ್ರಿಯದು. ಡಿಸ್ಕ್ ಹೋಗಿದ್ದು ಗುರುವಾರ ಸಂಜೆ. ನಡುವಿನ ಅಷ್ಟೂ ಅಡಿಕೆ ವ್ಯಾಪಾರ ವಾಪಸ್ ಬಂದಿದ್ದು ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಟ್ರಾನ್ಸಾಕ್ಷನ್ ಲಾಗ್‌ನಿಂದ. ಅದು ಹೇಗೆ ಬಂತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಸಂಜೆ ಯಾರಿಗೆ ಬೇಕಾದರೂ ಬರಬಹುದು, ಆಗ ಕೈ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಬೆಳೆಗಾರರು ತಂದ ಚೀಲ ತೂಗಿ, ಲಾಟ್ ನಂಬರ್ ಕೊಟ್ಟು, ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಅಂತ ಬೇರೆ ಬೇರೆ ಇಡುತ್ತಾರೆ. ವ್ಯಾಪಾರಿಗಳು ನೋಡಿ ದರ ಬರೆದು ಹಾಕುತ್ತಾರೆ. ಟೆಂಡರ್ ಒಡೆದ ಮೇಲೆ ಯಾವ ಲಾಟ್ ಯಾರಿಗೆ, ಎಷ್ಟಕ್ಕೆ ಅನ್ನುವುದೆಲ್ಲ ಸಿಸ್ಟಮ್ಮಿಗೆ ಹೋಗುತ್ತದೆ. ಬೆಳೆಗಾರರ ಖಾತೆಗೆ ದುಡ್ಡು ಬೀಳುವುದು ಅದರ ಮೇಲೆಯೇ. ಡೇಟಾಬೇಸ್ ಪೋಸ್ಟ್‌ಗ್ರೆಸ್ 14, ಓಡುತ್ತಿದ್ದುದು ಲಿನಕ್ಸ್‌ನ ಉಬುಂಟು 22.04 ಮೇಲೆ. ಸರ್ವರಿನಲ್ಲಿ ಮೂರು ಡಿಸ್ಕ್. ಒಂದರಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಪೋಸ್ಟ್‌ಗ್ರೆಸ್‌ನ ಕಾನ್ಫಿಗ್ ಫೈಲುಗಳು, ಇನ್ನೊಂದರಲ್ಲಿ ಡೇಟಾ, ಮೂರನೆಯದರಲ್ಲಿ ಪಿಜಿ_ವಾಲ್ ಡೈರೆಕ್ಟರಿ. ಈ ಪಿಜಿ_ವಾಲ್ ಅನ್ನುವುದೇ ಲಾಗ್ ಇರುವ ಜಾಗ. ಅದನ್ನು ಬೇರೆ ಡಿಸ್ಕಿಗೆ ಹಾಕಿದ್ದು ವೇಗಕ್ಕೆ ಅಂತ. ಆ ದಿನ ಅದೇ ನಮ್ಮನ್ನು ಕಾಪಾಡಿತು.

ಲಾಗ್ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಲೆಕ್ಕಿಗರಿಗೆ ಹೇಳಬೇಕಾಗಿ ಬಂದಾಗ ಕಷ್ಟವೇ ಆಗಲಿಲ್ಲ. ಅವರು ಹಳೆಯ ಕಾಲದ ರೋಜು ಕಿರ್ದಿ ಬರೆದವರು. ವ್ಯವಹಾರ ಮೊದಲು ಕಿರ್ದಿಗೆ, ನಡೆದ ಕ್ರಮದಲ್ಲೇ. ಅಲ್ಲಿಂದ ಬಿಡುವಾದಾಗ ಖಾತಾವಣಿಗೆ. ಖಾತಾವಣಿ ಪುಸ್ತಕ ಸುಟ್ಟು ಹೋದರೆ, ಹಿಂದಿನ ಯಾವುದೋ ದಿನದ ಬಾಕಿ ಹಿಡಿದು ಕಿರ್ದಿಯಿಂದ ಎಲ್ಲವನ್ನೂ ಮತ್ತೆ ಏರಿಸಬಹುದು. ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಬದಲಾವಣೆ ಮೊದಲು ಲಾಗ್‌ಗೆ ಹೋಗಿ ಡಿಸ್ಕ್ ಮೇಲೆ ಗಟ್ಟಿಯಾಗಿ ಕೂರಬೇಕು. ಆಮೇಲೇ ಕೌಂಟರಿನವರಿಗೆ ಸೇವ್ ಆಯಿತು ಅಂತ ಉತ್ತರ. ಟೇಬಲ್ಲಿನ ಫೈಲಿಗೆ ಅದು ಸ್ವಲ್ಪ ಹೊತ್ತು ಬಿಟ್ಟು ಹೋದರೂ ನಡೆಯುತ್ತದೆ.

ಮೇ ತಿಂಗಳು. ಮಧ್ಯಾಹ್ನ ಎರಡರ ಸುಮಾರಿಗೆ ಮೊದಲ ಸಿಡಿಲು. ಮಾಳಿಗೆ ಮೇಲಿನ ವೈರ್‌ಲೆಸ್ ಲಿಂಕ್ ಆಗಲೇ ಹೋಯಿತು. ನಮ್ಮ ಲಾಗ್ ಫೈಲುಗಳು ಆ ಲಿಂಕಿನ ಮೂಲಕವೇ ಆಚೆ ಗೋದಾಮಿನ ಕಟ್ಟಡದ ಬ್ಯಾಕಪ್ ಮಷಿನ್ನಿಗೆ ಹೋಗುತ್ತಿದ್ದವು. ಕಚೇರಿಯ ಒಳಗಿನ ನೆಟ್‌ವರ್ಕ್ ಸರಿ ಇದ್ದುದರಿಂದ ಟೆಂಡರ್ ನಿಲ್ಲಲಿಲ್ಲ. ಸಂಜೆ ಐದೂವರೆ ದಾಟಿದ ಮೇಲೆ ಕರೆಂಟ್ ಹೋಗಿ, ಬಂದು, ಮತ್ತೆ ಹೋಯಿತು. ಎರಡನೇ ಸಲ ಬಂದಾಗ ಡೇಟಾ ಡಿಸ್ಕ್ ಇರಲಿಲ್ಲ. ಸರ್ವರಿಗೆ ಅದು ಕಾಣಿಸುತ್ತಲೇ ಇರಲಿಲ್ಲ.

ಪೋಸ್ಟ್‌ಗ್ರೆಸ್‌ನ ಸಂದೇಶಗಳ ಫೈಲು ಮೊದಲ ಡಿಸ್ಕಿನಲ್ಲಿ ಇದ್ದುದರಿಂದ ಓದಲು ಸಿಕ್ಕಿತು. ಕೊನೆಯ ಸಾಲುಗಳಲ್ಲಿ ಇನ್‌ಪುಟ್ ಔಟ್‌ಪುಟ್ ಎರರ್, ಅದರ ಹಿಂದೆಯೇ ಪ್ಯಾನಿಕ್ ಅಂತ ಬರೆದು ನಿಂತಿತ್ತು. ಇದನ್ನು ನೋಡಿ ನನಗೆ ಧೈರ್ಯವೇ ಬಂತು ಅಂದರೆ ವಿಚಿತ್ರ ಅನಿಸಬಹುದು. ಅದಕ್ಕೊಂದು ಹಿನ್ನೆಲೆ ಇದೆ. ಡಿಸ್ಕಿಗೆ ಬರೆಯುವುದು ಒಮ್ಮೆ ಸೋತರೆ ಲಿನಕ್ಸ್ ಆ ಪುಟವನ್ನು ಬರೆದಾಯಿತು ಅಂತಲೇ ಗುರುತು ಹಾಕಿಬಿಡಬಹುದು, ಎರಡನೇ ಸಲ ಕೇಳಿದರೆ ಎಲ್ಲ ಸರಿ ಅನ್ನಬಹುದು ಅನ್ನುವುದು 2018 ರಲ್ಲಿ ದೊಡ್ಡ ಚರ್ಚೆ ಆಯಿತು. ಅಲ್ಲಿಯವರೆಗೆ ಪೋಸ್ಟ್‌ಗ್ರೆಸ್ ಎರಡನೇ ಉತ್ತರ ನಂಬಿ ಮುಂದೆ ಹೋಗುತ್ತಿತ್ತು. 2019 ರ ಫೆಬ್ರವರಿಯ ಬಿಡುಗಡೆಗಳಿಂದ ಹಾಗಲ್ಲ. ಬರೆದದ್ದು ಗಟ್ಟಿಯಾಗಲಿಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ, ಲಾಗ್‌ನಿಂದಲೇ ಮತ್ತೆ ಶುರು ಮಾಡು ಅನ್ನುತ್ತದೆ. ಅಂದರೆ ನಿಂತಿದ್ದು ಸರಿಯಾಗಿಯೇ ನಿಂತಿದೆ.

ಲೆಕ್ಕಿಗರು ಬಾಗಿಲಲ್ಲಿ ನಿಂತು, "ತಮಾ, ಎಲ್ಲ ಹೋತಾ?" ಅಂತ ಕೇಳಿದರು. "ಇಲ್ಲ, ಕಿರ್ದಿ ಉಳಿದಿದೆ" ಅಂದೆ.

ಈಗ ಮೊದಲ ಕೆಲಸ. ಸರ್ವಿಸ್ ಮತ್ತೆ ಶುರು ಮಾಡಿ ನೋಡೋಣ ಅಂತ ಅಲ್ಲಿದ್ದವರಿಗೆಲ್ಲ ಆಸೆ. ಸಹಜ. ಆದರೆ ಆ ಹೊತ್ತಿಗೆ ಮಧ್ಯಾಹ್ನದ ಟೆಂಡರ್ ಇಡೀ ಜಗತ್ತಿನಲ್ಲಿ ಒಂದೇ ಕಡೆ ಇತ್ತು, ಆ ಮೂರನೇ ಡಿಸ್ಕಿನ ಪಿಜಿ_ವಾಲ್ ಒಳಗೆ. ಲಿಂಕ್ ಸತ್ತಿದ್ದರಿಂದ ಎರಡು ಗಂಟೆಯ ಮೇಲಿನದು ಏನೂ ಬ್ಯಾಕಪ್ ಮಷಿನ್ನಿಗೆ ಹೋಗಿರಲಿಲ್ಲ. ಹಾಗಾಗಿ ಯಾವುದನ್ನೂ ಶುರು ಮಾಡದೆ ಸರ್ವರ್ ಆರಿಸಿ, ಆ ಡಿಸ್ಕನ್ನು ಬಿಚ್ಚಿ, ಇನ್ನೊಂದು ಮಷಿನ್ನಿಗೆ ಓದಲು ಮಾತ್ರ ಅಂತ ಜೋಡಿಸಿ, ಪೂರ್ತಿ ಡೈರೆಕ್ಟರಿಯನ್ನು ಎರಡು ಬೇರೆ ಜಾಗಕ್ಕೆ ನಕಲು ಮಾಡಿದೆ. ಚೆಕ್‌ಸಮ್ ಹಾಕಿ ತಾಳೆ ನೋಡಿದ ಮೇಲೇ ಮೂಲ ಡಿಸ್ಕನ್ನು ಕವರಿಗೆ ಹಾಕಿ ಪಕ್ಕಕ್ಕೆ ಇಟ್ಟಿದ್ದು. ಮುಂದೆ ಏನೇ ಎಡವಟ್ಟಾದರೂ ಮತ್ತೆ ಮೊದಲಿಂದ ಶುರು ಮಾಡಬಹುದಲ್ಲ, ಆ ಒಂದು ಭರವಸೆ ರಾತ್ರಿಯಿಡೀ ಬೇಕಾಗುತ್ತದೆ.

ಈ ಡೈರೆಕ್ಟರಿಯ ಹೆಸರು ಮೊದಲು ಪಿಜಿ_ಎಕ್ಸ್‌ಲಾಗ್ ಅಂತ ಇತ್ತು. ಜಾಗ ತುಂಬಿದಾಗ ಬರೀ ಲಾಗ್ ತಾನೇ ಅಂತ ಅದನ್ನು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರು ಇದ್ದಾರೆ. ಅದಕ್ಕೇ 2017 ರ ಹತ್ತನೇ ಆವೃತ್ತಿಯಲ್ಲಿ ಹೆಸರು ಬದಲಾಯಿಸಿದರು.

ಡೈರೆಕ್ಟರಿ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದೊಂದು ಲಾಗ್ ಫೈಲಿಗೆ ಸೆಗ್ಮೆಂಟ್ ಅನ್ನುತ್ತಾರೆ. ಪ್ರತಿಯೊಂದೂ 16 ಎಂಬಿ. ಹೆಸರು 24 ಅಂಕಿಯದು, 000000010000003700000092 ಈ ಥರ. ಮೊದಲ ಎಂಟು ಅಂಕಿ ಟೈಮ್‌ಲೈನ್, ಅಂದರೆ ಇದು ಲಾಗ್‌ನ ಎಷ್ಟನೇ ಸರಣಿ ಅಂತ (ಬ್ಯಾಕಪ್ಪಿನಿಂದ ಲಾಗ್ ಏರಿಸಿ ಎಬ್ಬಿಸಿದಾಗ ಹೊಸದು ಶುರುವಾಗುತ್ತದೆ). ಉಳಿದದ್ದು ಕ್ರಮಸಂಖ್ಯೆ. ಎಣಿಕೆ ಮಾತ್ರ ಹದಿನಾರರ ಲೆಕ್ಕದಲ್ಲಿ. ಬ್ಯಾಕಪ್ ಮಷಿನ್ನಿಗೆ ಹೋಗಿ ಸೇರಿದ್ದ ಕೊನೆಯ ಸೆಗ್ಮೆಂಟ್ ಈ 92 ರದ್ದೇ. ಪಿಜಿ_ವಾಲ್ ಒಳಗೆ ಆರ್ಕೈವ್_ಸ್ಟೇಟಸ್ ಅಂತ ಇನ್ನೊಂದು ಡೈರೆಕ್ಟರಿ ಇದೆ. ಆರ್ಕೈವ್ ಆಗಿರುವ, ಅಂದರೆ ಬ್ಯಾಕಪ್ ಮಷಿನ್ನಿಗೆ ನಕಲಾಗಿರುವ ಸೆಗ್ಮೆಂಟಿನ ಹೆಸರಿನ ಕೊನೆಗೆ ಡನ್ ಅಂತ, ಆಗಬೇಕಾದ್ದರ ಕೊನೆಗೆ ರೆಡಿ ಅಂತ ಸೇರಿಸಿದ ಖಾಲಿ ಫೈಲುಗಳು ಅಲ್ಲಿ ಇರುತ್ತವೆ. ನಮ್ಮಲ್ಲಿ 93 ರಿಂದ ಮುಂದಕ್ಕೆ ನಲವತ್ತಕ್ಕೂ ಹೆಚ್ಚು ರೆಡಿ ಫೈಲುಗಳು ಸಾಲಾಗಿ ನಿಂತಿದ್ದವು. ಐದು ನಿಮಿಷಕ್ಕೊಂದು ಸೆಗ್ಮೆಂಟ್ ಮುಗಿಸುವಂತೆ ಇಟ್ಟಿದ್ದೆವು, ಅದಕ್ಕೇ ಅಷ್ಟು. ಆರ್ಕೈವ್ ಆಗದ ಸೆಗ್ಮೆಂಟನ್ನು ಪೋಸ್ಟ್‌ಗ್ರೆಸ್ ತಾನಾಗಿ ಅಳಿಸುವುದಿಲ್ಲ. ಡಿಸ್ಕ್ ತುಂಬಿ ನಿಂತರೂ ನಿಲ್ಲುತ್ತದೆ, ಅಳಿಸುವುದಿಲ್ಲ. ಈ ಹಠ ನನಗೆ ಬಹಳ ಇಷ್ಟ.

ಆದರೆ ರೆಡಿ ಪಟ್ಟಿಯನ್ನೇ ನಂಬಿ ಅಷ್ಟನ್ನೇ ಎತ್ತಿಕೊಂಡು ಬಂದರೆ ಕೊನೆಯ ಕೆಲವು ನಿಮಿಷ ಹೋಗುತ್ತದೆ. ಡಿಸ್ಕ್ ಹೋದಾಗ ಬರೆಯುತ್ತಿದ್ದ ಸೆಗ್ಮೆಂಟ್ ಇನ್ನೂ ಮುಗಿದಿರುವುದಿಲ್ಲ, ಹಾಗಾಗಿ ಅದರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಮತ್ತೊಂದು ಗೊಂದಲ ಏನೆಂದರೆ, ಅದರ ಮುಂದಿನ ನಂಬರಿನ ಫೈಲುಗಳೂ ಅಲ್ಲಿ ಇರುತ್ತವೆ. ಪೋಸ್ಟ್‌ಗ್ರೆಸ್ ಹಳೆಯ ಸೆಗ್ಮೆಂಟುಗಳಿಗೆ ಮುಂದಿನ ಹೆಸರು ಕೊಟ್ಟು ಮೊದಲೇ ತಯಾರು ಮಾಡಿ ಇಟ್ಟುಕೊಂಡಿರುತ್ತದೆ. ಹೆಸರು ಹೊಸದು, ಒಳಗಿರುವುದು ಹಳೆಯ ಸರಕು. ನಿಜವಾದ ಕೊನೆ ಎಲ್ಲಿ ಅಂತ ನೋಡಲು ಪಿಜಿ_ವಾಲ್‌ಡಂಪ್ ಅನ್ನುವ ಸಾಧನ ಇದೆ. ಅದನ್ನು ಆ ಅರ್ಧ ಬರೆದ ಸೆಗ್ಮೆಂಟಿನ ಮೇಲೆ ಓಡಿಸಿದೆ. ಪರದೆ ತುಂಬ ಸಾಲುಗಳು ಸರಿದು ಹೋದವು. ಇನ್ಸರ್ಟ್, ಕಮಿಟ್, ಇನ್ಸರ್ಟ್, ಕಮಿಟ್. ಕಮಿಟ್ ಅಂದರೆ ಆ ವ್ಯವಹಾರ ಪೂರ್ತಿ ಸೇವ್ ಆಯಿತು ಅನ್ನುವ ಗುರುತು, ಆ ಸಾಲಿನಲ್ಲಿ ಸಮಯವೂ ಇರುತ್ತದೆ. ಕೊನೆಯ ಕಮಿಟ್ 17:38:41. ಅದರ ಕೆಳಗೆ ರೆಕಾರ್ಡಿನ ಉದ್ದ ಸರಿ ಇಲ್ಲ, 24 ಬೇಕಿತ್ತು, ಸಿಕ್ಕಿದ್ದು 0 ಅನ್ನುವ ಸಂದೇಶ. ನೋಡಲು ದೋಷದ ಥರ ಕಾಣುತ್ತದೆ. ಅದು ದೋಷ ಅಲ್ಲ, ಬರೆದದ್ದು ಅಲ್ಲಿಗೆ ಮುಗಿಯಿತು ಅಂತ ಅರ್ಥ. ಕರೆಂಟ್ ಹೋದ ಸಮಯಕ್ಕೂ ಅದಕ್ಕೂ ತಾಳೆ ಆಗುತ್ತಿತ್ತು. ಆಗ ಮ್ಯಾನೇಜರಿಗೆ ಫೋನ್ ಮಾಡಿ, ಇವತ್ತಿನದೂ ಬರುತ್ತದೆ ಸಾರ್, ಅಂತ ಹೇಳಿದೆ.

ಗೋದಾಮಿನಿಂದ ಭಾನುವಾರದ ಬೇಸ್ ಬ್ಯಾಕಪ್ಪನ್ನೂ (ಇಡೀ ಡೇಟಾಬೇಸಿನ ನಕಲು) ಆರ್ಕೈವ್ ಆಗಿದ್ದ ಸೆಗ್ಮೆಂಟುಗಳನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಯಲ್ಲೇ ತಂದೆವು.

ಎಲ್ಲಿಗೆ ಹಾಕುವುದು ಅನ್ನುವುದು ಮುಂದಿನ ಪ್ರಶ್ನೆ. ಸಂಘದಲ್ಲಿ ಹಳೆಯ ಸರ್ವರ್ ಒಂದಿತ್ತು, ಉಬುಂಟು 18.04 ಇದ್ದದ್ದು. ಅದಕ್ಕೇ ಪೋಸ್ಟ್‌ಗ್ರೆಸ್ 14 ಹಾಕಿ ಮುಗಿಸಬಾರದಾ ಅಂತ ಜೊತೆಗಿದ್ದ ಹುಡುಗ ಕೇಳಿದ. ಹಾಗೆ ಮಾಡಿದ್ದರೆ ಡೇಟಾಬೇಸ್ ಏಳುತ್ತಿತ್ತು ಕೂಡ. ತೊಂದರೆ ಆಮೇಲೆ ಗೊತ್ತಾಗುತ್ತಿತ್ತು. ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ಕೇಳುವುದು ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು. 2018 ರಲ್ಲಿ ಬಂದ ಅದರ 2.28 ನೇ ಆವೃತ್ತಿಯಲ್ಲಿ ಆ ಕ್ರಮಗಳು ಭಾರೀ ಬದಲಾದವು. 18.04 ರಲ್ಲಿ ಇರುವುದು ಅದಕ್ಕಿಂತ ಹಳೆಯದು, 22.04 ರಲ್ಲಿ ಇರುವುದು ಹೊಸದು. ಬೆಳೆಗಾರರ ಹೆಸರಿನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಒಂದು ಕ್ರಮದಲ್ಲಿ ಕಟ್ಟಿದ್ದು, ಹುಡುಕುವುದು ಇನ್ನೊಂದು ಕ್ರಮದಲ್ಲಿ ಅಂದರೆ, ಇರುವ ಹೆಸರೇ ಸಿಗುವುದಿಲ್ಲ. ಇಲ್ಲ ಅಂದುಕೊಂಡು ಕೌಂಟರಿನವರು ಅದೇ ಬೆಳೆಗಾರರಿಗೆ ಎರಡನೇ ಖಾತೆ ತೆರೆಯುತ್ತಾರೆ. ಯಾವ ಎರರ್ ಕೂಡ ಬರುವುದಿಲ್ಲ. ಆದ್ದರಿಂದ ಅದೇ ಹಳೆಯ ಮಷಿನ್ನಿಗೆ 22.04 ಹೊಸದಾಗಿ ಹಾಕಿದೆವು. ಲಾಗ್‌ನಿಂದ ಏಳಿಸುವಾಗ ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಅದೇ ಇರಲೇಬೇಕು. ಆಪರೇಟಿಂಗ್ ಸಿಸ್ಟಮ್ ಕೂಡ ಅದೇ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಒಂದು ಗಂಟೆ ಜಾಸ್ತಿ ಹಿಡಿಯಿತು, ಹಿಡಿಯಲಿ.

ಬೇಸ್ ಬ್ಯಾಕಪ್ ಬಿಚ್ಚಿ ಅದರ ಜೊತೆಗಿದ್ದ ಮ್ಯಾನಿಫೆಸ್ಟ್ (ಫೈಲುಗಳ ಪಟ್ಟಿ) ಇಟ್ಟು ತಾಳೆ ನೋಡುವ ಪಿಜಿ_ವೆರಿಫೈಬ್ಯಾಕಪ್ ಓಡಿಸಿದೆ. ಎಲ್ಲ ಫೈಲೂ ಸರಿ ಇತ್ತು. ಬ್ಯಾಕಪ್ ಒಳಗೆ ಬ್ಯಾಕಪ್_ಲೇಬಲ್ ಅಂತ ಒಂದು ಪುಟ್ಟ ಫೈಲು ಇರುತ್ತದೆ. ಲಾಗನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ತೆಗೆದು ಹಾಕಿದರೆ ಡೇಟಾಬೇಸ್ ಬೇಗ ಏಳುತ್ತದೆ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ತಪ್ಪು ಜಾಗದಿಂದ ಶುರುವಾಗಿ, ಒಳಗೊಳಗೇ ಕೆಟ್ಟ ಡೇಟಾಬೇಸ್ ಸಿಗುತ್ತದೆ. ನಮ್ಮ ಲೇಬಲ್ಲಿನಲ್ಲಿ ಇದ್ದ ಸೆಗ್ಮೆಂಟ್ 000000010000003400000018. ಅಲ್ಲಿಂದ 92 ರವರೆಗೆ ಒಂಬೈನೂರರ ಹತ್ತಿರ ಫೈಲುಗಳು, ಆಮೇಲೆ ನಾವು ಉಳಿಸಿಕೊಂಡ ನಲವತ್ತು ಚಿಲ್ಲರೆ. ನಡುವೆ ಒಂದೇ ಒಂದು ಇಲ್ಲದಿದ್ದರೂ ಏರಿಕೆ ಅಲ್ಲೇ ನಿಲ್ಲುತ್ತದೆ, ಅದರ ಮುಂದಿನವು ಇದ್ದೂ ಇಲ್ಲದ ಹಾಗೆ. ಹಾಗಾಗಿ ಶುರು ಮಾಡುವ ಮೊದಲೇ ಸಣ್ಣ ಸ್ಕ್ರಿಪ್ಟ್ ಬರೆದು ಸರಣಿ ಎಲ್ಲೂ ತುಂಡಾಗಿಲ್ಲ ಅಂತ ನೋಡಿಕೊಂಡೆ.

ಮುಂದಿನದು ಬೇಗ ಆಯಿತು. ಉಳಿಸಿಕೊಂಡ ಸೆಗ್ಮೆಂಟುಗಳನ್ನು ಹೊಸ ಪಿಜಿ_ವಾಲ್‌ಗೆ ಹಾಕಿದೆ. ಡೈರೆಕ್ಟರಿಯ ಮಾಲೀಕತ್ವ, ಪರ್ಮಿಷನ್ ಸರಿ ಮಾಡಿದೆ. ಕಾನ್ಫಿಗ್ಗಿನಲ್ಲಿ ರಿಸ್ಟೋರ್_ಕಮಾಂಡ್ ಬರೆದು ಆರ್ಕೈವ್ ಎಲ್ಲಿದೆ ಅಂತ ತೋರಿಸಿದೆ. ಯಾವ ಸಮಯಕ್ಕೆ ನಿಲ್ಲಬೇಕು ಅಂತ ಏನೂ ಹೇಳಲಿಲ್ಲ. ಯಾರೋ ಟೇಬಲ್ ಅಳಿಸಿ ಬಿಟ್ಟಿದ್ದರೆ ಅದಕ್ಕಿಂತ ಒಂದು ಕ್ಷಣ ಮೊದಲು ನಿಲ್ಲಿಸಬೇಕಾಗುತ್ತಿತ್ತು. ನಮಗೆ ಬೇಕಾಗಿದ್ದು ಲಾಗ್‌ನ ಕಟ್ಟಕಡೆಯವರೆಗೆ. ಪಿಜಿ_ಎಚ್‌ಬಿಎ ಫೈಲಿನಲ್ಲಿ ನನ್ನೊಬ್ಬನನ್ನು ಬಿಟ್ಟು ಬೇರೆ ಯಾರೂ ಒಳಗೆ ಬರದ ಹಾಗೆ ಮಾಡಿದೆ. ಕೊನೆಗೆ ರಿಕವರಿ.ಸಿಗ್ನಲ್ ಅನ್ನುವ ಖಾಲಿ ಫೈಲು ಇಟ್ಟೆ, ಲಾಗ್ ಏರಿಸಿಕೊಂಡು ಏಳು ಅನ್ನುವುದಕ್ಕೆ ಅದೇ ಸೂಚನೆ. ಹಳೆಯ ಪುಸ್ತಕ ನೋಡಿ ರಿಕವರಿ.ಕಾನ್ಫ್ ಬರೆಯಲು ಹೋದರೆ, 12 ನೇ ಆವೃತ್ತಿಯಿಂದ ಈಚೆ ಆ ಫೈಲು ಇದ್ದರೆ ಸರ್ವರ್ ಏಳುವುದೇ ಇಲ್ಲ.

ಶುರು ಮಾಡಿದ ಕೂಡಲೇ ಬಂದ ಮೊದಲ ಸಾಲೇ ಹುಡುಗನನ್ನು ಹೆದರಿಸಿತು. ಎರಡನೇ ಟೈಮ್‌ಲೈನಿನ ಹಿಸ್ಟರಿ ಫೈಲು ಇಲ್ಲ ಅಂತ. ಅದು ಇರಬೇಕಾಗಿಯೂ ಇಲ್ಲ. ಪೋಸ್ಟ್‌ಗ್ರೆಸ್ ಸುಮ್ನೆ ಕೇಳಿ ನೋಡುತ್ತದೆ, ಇಲ್ಲ ಅಂದರೆ ಮುಂದೆ ಹೋಗುತ್ತದೆ. ಆಮೇಲೆ ಒಂದರ ಹಿಂದೆ ಒಂದು ಸೆಗ್ಮೆಂಟ್ ಏರತೊಡಗಿತು.

ಕಾಯುವಾಗ ಹುಡುಗ ಕೇಳಿದ, "ಅರ್ಧ ಮುಗಿದ ಎಂಟ್ರಿ ಇದ್ದರೆ ಏನಣ್ಣಾ ಆಗುತ್ತೆ?" ಒಳ್ಳೆಯ ಪ್ರಶ್ನೆ. 1992 ರಲ್ಲಿ ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು ಲಾಗ್‌ನಿಂದ ಡೇಟಾಬೇಸ್ ಏಳಿಸುವ ಏರೀಸ್ ಅನ್ನುವ ವಿಧಾನ ಪ್ರಕಟಿಸಿದರು. ಮೋಹನ್ ಮದ್ರಾಸ್ ಐಐಟಿಯಲ್ಲಿ ಓದಿದವರು. ಆ ವಿಧಾನದಲ್ಲಿ ಮೂರು ಹೆಜ್ಜೆ. ಲಾಗ್ ಓದಿ ಯಾವುದು ಮುಗಿದಿತ್ತು, ಯಾವುದು ಇಲ್ಲ ಅಂತ ಪತ್ತೆ ಮಾಡುವುದು, ನಡೆದದ್ದನ್ನೆಲ್ಲ ಮತ್ತೆ ನಡೆಸುವುದು, ಮುಗಿಯದೆ ಇದ್ದದ್ದನ್ನು ಹಿಂದಕ್ಕೆ ತೆಗೆಯುವುದು. ಪೋಸ್ಟ್‌ಗ್ರೆಸ್ ಮೂರನೆಯದನ್ನು ಮಾಡುವುದಿಲ್ಲ. ಅದು ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯುವುದೇ ಇಲ್ಲ, ಪಕ್ಕದಲ್ಲಿ ಬೇರೆ ಸಾಲು ಬರೆಯುತ್ತದೆ. ಕಮಿಟ್ ಆಗದ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ, ಮುಂದೆ ವ್ಯಾಕ್ಯೂಮ್ ಬಂದಾಗ ಗುಡಿಸಿ ಹೋಗುತ್ತದೆ. ಪೋಸ್ಟ್‌ಗ್ರೆಸ್‌ಗೆ ಈ ಲಾಗ್ ಬಂದಿದ್ದು 2001 ರಲ್ಲಿ, 7.1 ನೇ ಆವೃತ್ತಿಯಲ್ಲಿ. ಹಳೆಯ ಬ್ಯಾಕಪ್ ಮೇಲೆ ಲಾಗ್ ಏರಿಸಿ ಬೇಕಾದ ಕ್ಷಣಕ್ಕೆ ಬರುವ ಸೌಲಭ್ಯ 2005 ರಲ್ಲಿ, 8.0 ಜೊತೆ.

ಮಾತಿನ ನಡುವೆಯೇ ಕರೆಂಟ್ ಹೋಯಿತು. ಈ ಹಳೆಯ ಮಷಿನ್ನಿನ ಯುಪಿಎಸ್ ಹೆಚ್ಚು ಹೊತ್ತು ತಡೆಯಲಿಲ್ಲ. ಜನರೇಟರ್ ಹಾಕಿ ಮತ್ತೆ ಎಬ್ಬಿಸಿದಾಗ ಬಂದ ಸಂದೇಶ ಎಂಥವರ ಎದೆಯನ್ನೂ ನಡುಗಿಸುವಂಥದ್ದು. ಏರಿಕೆ ನಡೆಯುತ್ತಿರುವಾಗಲೇ ನಿಂತಿದೆ, ಇದು ಒಂದಕ್ಕಿಂತ ಹೆಚ್ಚು ಸಲ ಆಗಿದ್ದರೆ ಡೇಟಾ ಕೆಟ್ಟಿರಬಹುದು, ಇನ್ನೂ ಹಿಂದಿನ ಸಮಯಕ್ಕೆ ನಿಲ್ಲಿಸಬೇಕಾಗಬಹುದು ಅನ್ನುವ ಮಾತು ಅದು. ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಆ ಮಾತು ನಿಜ. ಕರೆಂಟ್ ಹೋಗಿ ನಿಂತಿದ್ದಕ್ಕೆ ಹೆದರಬೇಕಾಗಿಲ್ಲ. ಏರಿಸುವಾಗಲೂ ಪೋಸ್ಟ್‌ಗ್ರೆಸ್ ನಡುನಡುವೆ ಗುರುತು ಹಾಕಿಕೊಳ್ಳುತ್ತದೆ. ಕೊನೆಯ ಗುರುತಿನಿಂದ ಮತ್ತೆ ಹೊರಟಿತು.

ರಾತ್ರಿ ಹನ್ನೊಂದರ ಮೇಲೆ ಆರ್ಕೈವ್ ಮುಗಿಯಿತು. ಅಲ್ಲಿಂದ ಅದು ಪಿಜಿ_ವಾಲ್‌ನಲ್ಲಿ ನಾವು ಹಾಕಿದ್ದ ಸೆಗ್ಮೆಂಟುಗಳಿಗೆ ತಾನೇ ಹೊರಳಿತು. ಕೊನೆಯ ಸಾಲುಗಳಲ್ಲಿ ಮುಗಿದ ಕಡೆಯ ಟ್ರಾನ್ಸಾಕ್ಷನ್ನಿನ ಸಮಯ ಬಂತು. 17:38:41. ಹೊಸ ಟೈಮ್‌ಲೈನ್ 2. ಡೇಟಾಬೇಸ್ ಸಿದ್ಧ.

ಸಿದ್ಧ ಅಂದ ಕೂಡಲೇ ಬಾಗಿಲು ತೆಗೆಯಲಿಲ್ಲ. ಪಿಜಿ_ಆಮ್‌ಚೆಕ್ ಓಡಿಸಿ ಟೇಬಲ್ಲು, ಇಂಡೆಕ್ಸು ಎಲ್ಲ ನೋಡಿದೆ. ಅದಕ್ಕಿಂತ ದೊಡ್ಡ ಪರೀಕ್ಷೆ ಲೆಕ್ಕಿಗರದು. ಅವರು ಮಧ್ಯಾಹ್ನದ ತೂಕದ ಚೀಟಿ, ವ್ಯಾಪಾರಿಗಳ ದರದ ಚೀಟಿ ಎಲ್ಲ ಕಟ್ಟು ಕಟ್ಟಿ ಇಟ್ಟುಕೊಂಡಿದ್ದರು. ಕನ್ನಡಕ ಏರಿಸಿ ಒಂದೊಂದೇ ಲಾಟ್ ಓದಿದರು, ನಾನು ಪರದೆಯಲ್ಲಿ ನೋಡಿ ಹೂಂ ಅಂದೆ. ಪರದೆಯ ಮೇಲೆ ಸೇವ್ ಆಯಿತು ಅಂತ ತೋರಿಸಿದ್ದ ಒಂದೂ ತಪ್ಪಿರಲಿಲ್ಲ. ಚೀಟಿ ಇದ್ದು ಸಿಸ್ಟಮ್ಮಿನಲ್ಲಿ ಇಲ್ಲದ್ದು ಚಾಲಿಯ ಒಂದೇ ಲಾಟ್. ಅದನ್ನು ಹಾಕುತ್ತಿದ್ದವರು ಗುಂಡಿ ಒತ್ತಿದ್ದರು, ಉತ್ತರ ಬರುವ ಮೊದಲೇ ಪರದೆ ನಿಂತಿತ್ತು ಅಂತ ಅವರೇ ಸಂಜೆ ಹೇಳಿದ್ದರು. ಅದನ್ನು ಮತ್ತೆ ಹಾಕಿದ್ದಾಯಿತು.

ಮಲಗುವ ಮೊದಲು ಹೊಸ ಬೇಸ್ ಬ್ಯಾಕಪ್ ತೆಗೆಯಲು ಬಿಟ್ಟೆ. ಟೈಮ್‌ಲೈನ್ ಬದಲಾದ ಮೇಲೆ ಇದು ತಡ ಆಗಬಾರದು. ಹಳೆಯ ಬ್ಯಾಕಪ್ಪಿನಿಂದಲೂ ಬರಬಹುದು, ಆದರೆ ಅಷ್ಟು ಉದ್ದದ ಸರಣಿಯನ್ನು ಇನ್ನೊಂದು ಸಲ ನಂಬಿ ಕೂರುವುದು ಬೇಡ. ಮುಂದಿನ ವಾರ ವೈರ್‌ಲೆಸ್ ಬದಲು ಗೋದಾಮಿಗೆ ಫೈಬರ್ ಎಳೆಸಿ, ಅಲ್ಲಿ ಪಿಜಿ_ರಿಸೀವ್‌ವಾಲ್ ಕೂರಿಸಿದೆವು. ಅದು ಸೆಗ್ಮೆಂಟ್ ಮುಗಿಯುವವರೆಗೆ ಕಾಯುವುದಿಲ್ಲ, ಲಾಗ್ ಬರೆದ ಹಾಗೆಯೇ ಎಳೆದುಕೊಳ್ಳುತ್ತದೆ.

ಬೆಳಿಗ್ಗೆ ಎಂಟಕ್ಕೇ ಕೌಂಟರ್ ತೆರೆಯಿತು. ಸ್ವಲ್ಪ ಹೊತ್ತಿಗೆ ಲೆಕ್ಕಿಗರು ರಸೀದಿ ಹಿಡಿದು ಬಂದರು. ಹಿಂದಿನ ದಿನದ ಕೊನೆಯ ರಸೀದಿ 18417, ರಾತ್ರಿ ಮತ್ತೆ ಹಾಕಿದ ಚಾಲಿ ಲಾಟಿನದು 18441. ನಡುವಿನವು ಎಲ್ಲಿ? ಅವರ ಗಾಬರಿ ನ್ಯಾಯವಾದದ್ದೇ, ಸಂಘದ ಲೆಕ್ಕದಲ್ಲಿ ರಸೀದಿ ನಂಬರ್ ಹಾರಿದರೆ ಯಾರಾದರೂ ಕೇಳುತ್ತಾರೆ. ಅವು ಕಳೆದು ಹೋದ ರಸೀದಿಗಳಲ್ಲ. ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್ ಪ್ರತಿ ನಂಬರಿಗೂ ಲಾಗ್ ಬರೆಯುವುದಿಲ್ಲ. 32 ನಂಬರ್ ಮುಂದಿನದನ್ನು ಒಟ್ಟಿಗೆ ಬರೆದಿಟ್ಟು, ಅಲ್ಲಿಯವರೆಗೆ ಲಾಗ್ ಮುಟ್ಟದೆ ಹಂಚುತ್ತದೆ. ಲಾಗ್‌ನಿಂದ ಎದ್ದು ಬಂದಾಗ ಬರೆದಿಟ್ಟ ಆ ಮುಂದಿನ ನಂಬರಿನಿಂದಲೇ ಶುರು. ಒಂದೇ ನಂಬರನ್ನು ಎರಡು ಸಲ ಕೊಡುವ ಅಪಾಯಕ್ಕಿಂತ ಕೆಲವನ್ನು ಬಿಡುವುದು ವಾಸಿ ಅನ್ನುವ ಲೆಕ್ಕ. ಇದನ್ನು ಅವರಿಗೆ ಹೇಳಿ, 18418 ರಿಂದ 18440 ರವರೆಗೆ ಯಾರಿಗೂ ಕೊಟ್ಟಿಲ್ಲ ಅಂತ ಡೇಟಾಬೇಸಿನಿಂದ ಪಟ್ಟಿ ತೆಗೆದು ತೋರಿಸಿದೆ. ಅವರು ರಿಜಿಸ್ಟರಿನಲ್ಲಿ ಕಾರಣ ಬರೆದು, ದಿನಾಂಕ ಹಾಕಿ, ಮ್ಯಾನೇಜರ ಸಹಿ ತೆಗೆದುಕೊಂಡರು. ಆ ವರ್ಷ ಆಡಿಟ್‌ಗೆ ಬಂದವರು ಆ ನಂಬರುಗಳ ಬಗ್ಗೆ ಕೇಳಿದಾಗ ಅದೇ ಪುಟ ತೋರಿಸಿದರು, ಅವರು ಓದಿ ಒಪ್ಪಿಕೊಂಡರು.